ತಂಗಿಯ ನೂರ ಮೂವತ್ತೆಂಟು ವಾಕ್ಯ ನುಂಗಿದ ನೆಟ್‌ವರ್ಕ್ ಕಾರ್ಡಿಗೆ

ಮಾನ್ಯರೇ,

ನಮ್ಮ ಮನೆಯ ಸಾಮಾನು ಕೋಣೆಯಲ್ಲಿ, ಲಿನಕ್ಸ್ ಕಂಪ್ಯೂಟರಿನ ಬೆನ್ನ ಹಿಂದೆ, ಗೋಡೆಗೆ ನಾಲ್ಕು ಬೆರಳು ದೂರದಲ್ಲಿ, ಧೂಳಿನ ದಪ್ಪ ಹಾಸಿಗೆಯ ಮೇಲೆ ಹಸಿರು ದೀಪವೊಂದನ್ನು ಮಿನುಗಿಸುತ್ತಾ ವಿರಾಜಮಾನರಾಗಿರುವ ನೆಟ್‌ವರ್ಕ್ ಕಾರ್ಡ್ ಮಹಾಶಯರಿಗೆ ಈ ಮನೆಯ ಹಿರಿಯಳು ಕೈಮುಗಿದು ಮಾಡುವ ಅರಿಕೆ. ಇಂಥ ದೊಡ್ಡವರಿಗೆ ಸಾಷ್ಟಾಂಗ ಎರಗಿಯೇ ಪತ್ರ ಶುರುಮಾಡಬೇಕಿತ್ತು. ಆದರೆ ಕಳೆದ ತಿಂಗಳು ಮೂರು ದಿನ ಅದೇ ಭಂಗಿಯಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮೇಜಿನ ಕೆಳಗೆ ತಮ್ಮ ಸೇವೆ ಮಾಡಿ ಸೊಂಟ ಹಿಡಿದುಕೊಂಡಿರುವುದರಿಂದ ಬೆನ್ನಿಗೊಂದು ದಿಂಬು ಕೊಟ್ಟು ಕುಳಿತೇ ಬರೆಯುತ್ತಿದ್ದೇನೆ. ಮನ್ನಿಸಬೇಕು.

ಇದನ್ನು ಬಹಿರಂಗವಾಗಿ ಬರೆದು ನೆಂಟರಿಷ್ಟರಿಗೆಲ್ಲ ಒಂದೊಂದು ಪ್ರತಿ ಹಂಚುತ್ತಿರುವುದಕ್ಕೂ ಕಾರಣವಿದೆ. "ಆಪರೇಷನ್ನಿಗೆ ಮುಂಚೆ ಅಷ್ಟು ದಿನ ಏನು ಮಾಡ್ತಿದ್ರಿ, ಒಬ್ಬರೂ ಫೋನ್ ಎತ್ತಲಿಲ್ಲ" ಎಂದು ಚಿಕ್ಕಮ್ಮನಿಂದ ಹಿಡಿದು ಬೀಗಿತ್ತಿಯವರೆಗೆ ಎಲ್ಲರೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ. ತಮ್ಮ ಕೀರ್ತಿ ಎಲ್ಲರಿಗೂ ಒಂದೇ ಸಲ ತಲುಪಲಿ ಎಂಬುದೇ ನನ್ನ ಆಸೆ. ತಮ್ಮ ಮೂಲಕ ಕಳಿಸಿದರೆ ತಲುಪುತ್ತದೋ ಇಲ್ಲವೋ ಎಂಬ ಅಳುಕಿನಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ನಾಮಧೇಯದ ವಿಚಾರ. ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ಎಂಬುದನ್ನು ನಾನು ಪುಸ್ತಕ ನೋಡಿ, ತಪ್ಪು ಮಾಡಿ, ಮತ್ತೆ ಪುಸ್ತಕ ನೋಡಿ ಕಲಿತ ಕಾಲದಲ್ಲಿ ತಮ್ಮನ್ನು 'ಈಥ್ ಸೊನ್ನೆ' ಎಂದು ಕರೆಯುತ್ತಿದ್ದರು. ಎರಡಕ್ಷರ, ಒಂದು ಸೊನ್ನೆ. ಮಕ್ಕಳಿಗೂ ಬಾಯಿಗೆ ಬರುವಂಥ ಹೆಸರು. ಹೋದ ವರ್ಷ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿದ ಮರುದಿನ ತಾವು ಯಾರಿಗೂ ಹೇಳದೆ ಕೇಳದೆ 'ಇಎನ್‌ಪಿ ಮೂರು ಎಸ್ ಸೊನ್ನೆ' ಎಂದು ಹೆಸರು ಬದಲಿಸಿಕೊಂಡಿರಿ. ನಾನು ಬರೆದಿಟ್ಟ ಫೈಲಿನಲ್ಲಿ ಹಳೆಯ ಹೆಸರೇ ಇದ್ದುದರಿಂದ ಕಂಪ್ಯೂಟರು ಈಥ್ ಸೊನ್ನೆಯವರನ್ನು ಹುಡುಕುತ್ತಾ ಕುಳಿತಿತು. ತಾವು ಅದೇ ಜಾಗದಲ್ಲಿ ಕುಳಿತು, ಅವರ್ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಸುಮ್ಮನಿದ್ದಿರಿ. ಅರ್ಧ ದಿನ ಒದ್ದಾಡಿ ಹೆಸರು ತಿದ್ದಿದೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರಿಗೆಲ್ಲ ಲೈನು ಕೊಟ್ಟವಳು ನಾನು. ಹೆಸರು ಬದಲಿಸಿಕೊಂಡು ಬಿಲ್ಲಿಗೆ ತಲೆಮರೆಸಿಕೊಳ್ಳುವ ಗ್ರಾಹಕರನ್ನು ಕಂಡು ಅಭ್ಯಾಸವಿತ್ತಾದ್ದರಿಂದ ಆಗ ನನಗೆ ಅಷ್ಟೇನೂ ಸಿಟ್ಟು ಬರಲಿಲ್ಲ.

ಆಮೇಲೆ ತಮಗೊಂದು ಕಾಯಂ ವಿಳಾಸ ಕೊಟ್ಟೆ. ನಮ್ಮ ಮನೆಯ ಯಂತ್ರಗಳಿಗೆ ನಾನು ಮಾಡಿರುವ ಕ್ರಮ ನೆಂಟರಿಗೆಲ್ಲ ಗೊತ್ತು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ವಿಳಾಸದ ಮೊದಲ ಭಾಗ ಎಲ್ಲಕ್ಕೂ ಒಂದೇ, ಮನೆತನದ ಹೆಸರಿದ್ದ ಹಾಗೆ, ಕೊನೆಯ ಅಂಕಿ ಮಾತ್ರ ಅದನ್ನು ಬಳಸುವವರು ಹುಟ್ಟಿದ ವರ್ಷದ ಕೊನೆಯ ಎರಡಂಕಿ. ನಾನು ಐವತ್ನಾಲ್ಕು, ಹಾಗಾಗಿ ನನ್ನ ಕಂಪ್ಯೂಟರಿನ ತಾವು ಐವತ್ನಾಲ್ಕು. ನಮ್ಮವರು ಐವತ್ತೆರಡು. ತಂಗಿ ಐವತ್ತೆಂಟು. ರಜೆಗೆ ಬರುವ ಮೊಮ್ಮಗಳಿಗೆ ಹನ್ನೊಂದು. ಈ ಪಟ್ಟಿಯನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ, ಕೆಳಗೆ ಕೆಂಪು ಶಾಯಿಯಲ್ಲಿ "ಯಂತ್ರಕ್ಕೆ ಸುಳ್ಳು ಹೇಳಬಾರದು, ನಿಜವಾದ ಅಂಕಿಯನ್ನೇ ಹಾಕಿ" ಎಂದು ಬರೆದಿದ್ದೇನೆ. ನನ್ನ ಜೀವಮಾನದಲ್ಲಿ ಎರಡು ಮನೆಗೆ ಒಂದೇ ನಂಬರು ಕೊಟ್ಟವಳಲ್ಲ ಎಂಬ ಹೆಮ್ಮೆ ಆ ಪಟ್ಟಿಯ ಪ್ರತಿಯೊಂದು ಗೆರೆಯಲ್ಲೂ ಇದೆ.

ಇನ್ನು ನನ್ನ ತಂಗಿಯ ವಿಚಾರ. ಅವಳು ಇಪ್ಪತ್ತಾರು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಹಿಂದಿನ ಬಾಗಿಲಲ್ಲಿ ನಿಂತು "ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲಲ್ಲೇನು ಬೆಣ್ಣೆ ಹಂಚ್ತಿದಾರಾ" ಎಂದರೆ ಮುಂದಿನ ಸೀಟಿನಲ್ಲಿ ಕುಳಿತವರೂ ಎದ್ದು ಒಳಗೆ ನಡೆಯುತ್ತಿದ್ದರು. ಆ ಗಂಟಲಿಗೆ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಸೋಮವಾರ ಬೆಳಿಗ್ಗೆ ಎಂದರು ಡಾಕ್ಟರು. ಮಾತು ಕಲಿಸುವ ಆಸ್ಪತ್ರೆಯ ಮೇಡಂ ಒಂದು ದಾರಿ ಹೇಳಿದರು: ಆಪರೇಷನ್ನಿಗೆ ಮೊದಲೇ ಅವಳ ಧ್ವನಿಯಲ್ಲಿ ಮುನ್ನೂರೈವತ್ತು ವಾಕ್ಯ ಓದಿಸಿ ಒಂದು ವೆಬ್‌ಸೈಟಿಗೆ ಕಳಿಸಿದರೆ, ಆಮೇಲೆ ಅವಳು ಟೈಪ್ ಮಾಡಿದ್ದನ್ನು ಅವಳದೇ ಧ್ವನಿಯಲ್ಲಿ ಆಡುವ ಯಂತ್ರವೊಂದು ಸಿದ್ಧವಾಗುತ್ತದೆ, ಕಡೇ ಪಕ್ಷ ಇನ್ನೂರಾದರೂ ಹೋಗಲೇಬೇಕು, ಇಲ್ಲದಿದ್ದರೆ ಧ್ವನಿ ಕೂಡಿಬರುವುದಿಲ್ಲ. ಒಂದು ವಾಕ್ಯ ಪರದೆಯ ಮೇಲೆ ಬರುತ್ತದೆ, ಓದಬೇಕು, ಅದು ಅಲ್ಲಿಗೆ ತಲುಪಿ ಪಚ್ಚೆ ಗುರುತು ಬಿದ್ದ ಮೇಲೆ ಮುಂದಿನದು. ಆದರೆ ಆ ಗಂಟಲಿಗೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮಾತು ಸಲ್ಲದು. ಬುಧವಾರದಿಂದ ಭಾನುವಾರದವರೆಗೆ ಐದು ಅರ್ಧ ಗಂಟೆ. ಅಷ್ಟೇ ಅವಳ ಬಳಿ ಉಳಿದಿದ್ದ ಧ್ವನಿ. ಉಳಿದ ಹೊತ್ತೆಲ್ಲ ಬಾಯಿ ಮುಚ್ಚಿಕೊಂಡು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಮಾತು ಬಿಟ್ಟ ಮೊದಲ ದಿನ ಅವಳು ಬರೆದ ಮೊದಲ ಚೀಟಿ: "ನಿನ್ನ ಅಡುಗೆಗೆ ಉಪ್ಪು ಕಮ್ಮಿ ಅಂತ ಬರೆಯೋಕೆ ಪೆನ್ನಿನ ಶಾಯಿ ದಂಡ."

ಓದಲು ಪೂರಾ ನಿಶ್ಶಬ್ದ ಬೇಕಿತ್ತು. ಬೀದಿ ಕಡೆಯ ಕೋಣೆಗಳಲ್ಲಿ ಗಾಡಿಗಳ ಸದ್ದು. ನಡುಮನೆಗೆ ಪಕ್ಕದ ಮನೆಯವರ ಮಿಕ್ಸಿ. ಮನೆಯ ಹೊಟ್ಟೆಯೊಳಗಿರುವ ಸಾಮಾನು ಕೋಣೆಯೊಂದೇ ತಕ್ಕ ಜಾಗ. ಅಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ ಬೀದಿಯ ಸದ್ದೂ ಬರುವುದಿಲ್ಲ, ಮೊಬೈಲಿನ ಸಿಗ್ನಲ್ಲೂ ಬರುವುದಿಲ್ಲ, ವೈಫೈ ಬಾಗಿಲವರೆಗೆ ಬಂದು ಹಿಂದಿರುಗುತ್ತದೆ. ಹೀಗಾಗಿ ಕಂಪ್ಯೂಟರನ್ನು ಅಲ್ಲಿಗೇ ಸಾಗಿಸಿ, ಗೋಡೆಗೆ ಹಾಸಿಗೆ ಒರಗಿಸಿ, ರೂಟರಿನಿಂದ ಅಲ್ಲಿಯವರೆಗೆ ಕೇಬಲ್ ಎಳೆದು, ನನ್ನ ಒಡಹುಟ್ಟಿದವಳ ದನಿಯನ್ನು ಹೊರಗೆ ದಾಟಿಸುವ ಇಡೀ ಭಾರವನ್ನು ತಮ್ಮೊಬ್ಬರ ಹೆಗಲಿಗೆ ಹೊರಿಸಿದೆ. ತಮಗೆ ಹೆಗಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಎಲ್ಲ ಅಣಿಮಾಡಿ ನಾನೇ ಹತ್ತು ಸಲ ಪರೀಕ್ಷಿಸಿದೆ. "ಒಂದು, ಎರಡು, ಮೂರು" ಎಂದೆ, ಹೋಯಿತು. ಪಕ್ಕದಲ್ಲಿ ನಿಂತಿದ್ದ ನಮ್ಮವರು, ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ ಒಂದು ವಾಕ್ಯ ಓದಿದರು, ಅದೂ ಹೋಯಿತು. ಸರಿ, ಎಲ್ಲ ಸಿದ್ಧ ಎಂದು ತಂಗಿಯನ್ನು ಮೈಕಿನ ಮುಂದೆ ಕೂರಿಸಿದೆ. "ಇನ್ನು ಅರ್ಧ ಗಂಟೆ ಮನೇಲಿ ಉಸಿರೂ ಕೇಳಬಾರದು ರೀ" ಎಂದೆ. ನಮ್ಮವರು "ನಾನು ಇಲ್ಲಿದ್ರೆ ತಾನೇ ಕೆಮ್ಮೋದು, ಮೇಲೆ ಹೋಗ್ತೀನಿ ಬಿಡು" ಎಂದು ಚಪ್ಪಲಿಯನ್ನೂ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ, ಹೊಸ ಟ್ಯಾಬ್ಲೆಟ್ಟು ಮತ್ತು ಇಯರ್‌ಫೋನ್ ಹಿಡಿದುಕೊಂಡು ಮಹಡಿ ಕೋಣೆಗೆ ಹೋದರು. ತಂಗಿ ನೀರು ಕುಡಿದು ಓದಿದಳು: "ನೀಲಿ ಬಕೆಟ್ಟಿನಲ್ಲಿ ಏಳು ನಿಂಬೆಹಣ್ಣುಗಳಿವೆ." ಪಚ್ಚೆ ಗುರುತು ಬಿತ್ತು. "ನಿಮ್ಮ ಅಳಿಯ ಎಷ್ಟು ಗಂಟೆಗೆ ಬರುತ್ತಾನೆ?" ಬೀಳಲಿಲ್ಲ. ಚಕ್ರ ತಿರುಗಿತು, ತಿರುಗಿತು, ಆಮೇಲೆ 'ಸಂಪರ್ಕವಿಲ್ಲ, ಮತ್ತೊಮ್ಮೆ ಓದಿ' ಎಂದು ಬಂತು. ಮತ್ತೊಮ್ಮೆ ಓದಿದಳು. ಇನ್ನೊಮ್ಮೆ. ನಾಲ್ಕನೆಯ ಸಲಕ್ಕೆ ಅಳಿಯ ಬಂದ. ಮುಂದಿನ ಎರಡು ವಾಕ್ಯ ಸಲೀಸಾಗಿ ಹೋದವು, ಅದರ ಮುಂದಿನದು ಮತ್ತೆ ತಮ್ಮ ಬಾಯಲ್ಲಿ ಸಿಕ್ಕಿಕೊಂಡಿತು. ಅರ್ಧ ಗಂಟೆ ಮುಗಿದಾಗ ಹೋದದ್ದು ಮೂವತ್ತೊಂದು, ತಾವು ನುಂಗಿದ್ದು ನಲವತ್ತನಾಲ್ಕು. ನಾನು ಒಂದೊಂದಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ, ತಮ್ಮೆದುರಿಗೇ ಇದೆ, ಬೇಕಾದರೆ ಎಣಿಸಿಕೊಳ್ಳಬಹುದು.

ನಮ್ಮವರು ಕೆಳಗಿಳಿದು ಬಂದು "ಏನಾಯ್ತು?" ಎಂದರು. ಆಗ ನೋಡಿದರೆ ತಾವು ಗಂಗೆಯಷ್ಟು ಶುದ್ಧ. ಪಿಂಗ್ ಕಮಾಂಡು ಕೊಟ್ಟು ರೂಟರನ್ನು ಮಾತಾಡಿಸಿದೆ, ಅಂದರೆ "ಇದ್ದೀಯಾ?" ಎಂದು ಕೂಗುವುದು, ಅದು "ಇದ್ದೀನಿ" ಎನ್ನುವುದು. ನೂರು ಸಲ ಕೂಗಿದರೆ ನೂರು ಸಲವೂ ಓಗೊಟ್ಟಿತು. ತಮ್ಮ ಯೋಗಕ್ಷೇಮ ವಿಚಾರಿಸುವ ಕಮಾಂಡು ಕೊಟ್ಟರೆ 'ಅಪ್' ಎಂದಿರಿ, ಎದ್ದಿದ್ದೇನೆ, ಎಚ್ಚರವಾಗಿದ್ದೇನೆ, ಸನ್ನದ್ಧನಾಗಿದ್ದೇನೆ. ಎಂಥ ಗಾಂಭೀರ್ಯ! ಮದುವೆಮನೆಯಲ್ಲಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಾ, ಒಂದು ಎಲೆಯನ್ನೂ ಎತ್ತದ ದೊಡ್ಡಪ್ಪಂದಿರನ್ನು ನಾನು ಕಂಡಿದ್ದೇನೆ. ತಮ್ಮ ಮುಂದೆ ಅವರೆಲ್ಲ ದುಡಿಮೆಗಾರರು. ತಂಗಿ ಬಾಯಿ ತೆರೆದಾಗ ಮಾತ್ರ ತಮಗೆ ಕಿವುಡು, ಅವಳು ಬಾಯಿ ಮುಚ್ಚಿದ ಕ್ಷಣ ತಮಗೆ ಕರ್ಣನ ಔದಾರ್ಯ. ಅವಳ ಧ್ವನಿಯ ಮೇಲೆ ತಮಗೇನೋ ಹಳೆಯ ದ್ವೇಷವಿರಬೇಕು, ಎಂದೋ ಅವಳ ಬಸ್ಸಿನಲ್ಲಿ ಟಿಕೇಟಿಲ್ಲದೆ ಸಿಕ್ಕಿಬಿದ್ದಿರಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಇಂಟರ್‌ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಬಂದ ಪುಣ್ಯಾತ್ಮ "ಮೇಡಂ, ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದ. ಮಾಡಿದೆ. "ಈಗ ಬರ್ತಿದೆಯಾ?" ಎಂದ. ಬರುತ್ತಿತ್ತು, ತಂಗಿ ಮಲಗಿದ್ದಳಲ್ಲ! "ಬರ್ತಿದೆ, ಆದರೆ ನಮ್ಮ ತಂಗಿ ಓದೋಕೆ ಶುರು ಮಾಡಿದರೆ ಹೋಗುತ್ತೆ" ಎಂದೆ. ಅವನು "ಹಾಗಿದ್ರೆ ಅವರು ಓದದೆ ಇರೋಕಾಗುತ್ತಾ ಮೇಡಂ?" ಎಂದು ಬಹಳ ವಿನಯದಿಂದ ಕೇಳಿದ. ಎತ್ತು ಈಯಿತು ಎಂದರೆ ಕರು ಕಟ್ಟಿ ಎನ್ನುವವರನ್ನು ಅದುವರೆಗೆ ಗಾದೆಯಲ್ಲಷ್ಟೇ ಕೇಳಿದ್ದೆ.

ಗುರುವಾರವಿಡೀ ಕೇಬಲ್ಲಿನ ಮೇಲೆ ಅನುಮಾನ. ನಮ್ಮ ಕಸುಬಿನವರ ಮೂಗು ಯಾವಾಗಲೂ ತಂತಿಯನ್ನೇ ಮೂಸುತ್ತದೆ. ಹೊಸ ಕೇಬಲ್ ತರಿಸಿ, ಹಳೆಯದನ್ನು ಕಿತ್ತು, ನಡುಮನೆಯ ಮೂಲೆ ಮೂಲೆಗೂ ಮೊಳೆ ಹೊಡೆದು ಎಳೆದೆ. ತಮ್ಮ ವೇಗವನ್ನು ಕೈಯಾರೆ ಇಳಿಸಿ ನೋಡಿದೆ, ಏರಿಸಿ ನೋಡಿದೆ. ತಮ್ಮನ್ನು ಮಲಗಿಸಿ ಎಬ್ಬಿಸಿದೆ. ಫೈಲಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಇಂಟರ್‌ನೆಟ್ಟಿನಲ್ಲಿ ಬಲ್ಲವರು ಸೇರುವ ಒಂದು ವೇದಿಕೆಯಲ್ಲಿ ನನ್ನ ಕಷ್ಟ ಬರೆದುಕೊಂಡರೆ, ಬಲ್ಲವರೊಬ್ಬರು "ನನ್ನ ಮನೆಯಲ್ಲಿ ಸರಿಯಾಗಿಯೇ ಇದೆ" ಎಂದು ಉತ್ತರಿಸಿದರು. ಅವರ ಮನೆ ಚೆನ್ನಾಗಿರಲಿ. ಎಲ್ಲ ಮುಗಿಸಿ ತಂಗಿಯನ್ನು ಕರೆದೆ, ನಮ್ಮವರು ಬೆಕ್ಕಿನ ಹೆಜ್ಜೆಯಲ್ಲಿ ಮೇಲೆ ಹೋದರು, ತಾವು ಅಂದು ನಲವತ್ತೊಂಬತ್ತು ವಾಕ್ಯ ನುಂಗಿದಿರಿ.

ಶುಕ್ರವಾರ ನಡೆದದ್ದನ್ನು ಬರೆಯುವಾಗ ವಿನಯ ಕೈಕೊಡುತ್ತಿದೆ, ಆದರೂ ಪ್ರಯತ್ನಿಸುತ್ತೇನೆ. "ದಯವಿಟ್ಟು ಕಿಟಕಿ ತೆರೆಯಿರಿ" ಎಂಬ ಒಂದು ವಾಕ್ಯವನ್ನು ಆಕೆ ಆರು ಸಲ ಓದಿದಳು. ಮೊದಲ ಸಲ ಹೊಸ ಸೊಸೆಯ ಹಾಗೆ, ಮೂರನೆಯ ಸಲ ಹಳೆಯ ಸೊಸೆಯ ಹಾಗೆ, ಐದನೆಯ ಸಲ ಅತ್ತೆಯ ಹಾಗೆ. ಆರನೆಯ ಸಲ ಅವಳು ಅದನ್ನು ಕೂಗಿದ ರೀತಿಗೆ ನಾನೇ ಎದ್ದು ಇಲ್ಲದ ಕಿಟಕಿಯನ್ನು ಹುಡುಕಿದೆ. ಆ ಆರನೆಯದನ್ನು ತಾವು ದಾಟಿಸಿದಿರಿ. ಅವಳು ಮೈಕು ಪಕ್ಕಕ್ಕೆ ತಳ್ಳಿ, ಚೀಟಿಯನ್ನೂ ಮರೆತು, ಒಡೆದ ದನಿಯಲ್ಲಿ "ಅಕ್ಕಾ, ಇದಕ್ಕೆ ಹೇಳಿ ಸಾಯೋದಕ್ಕಿಂತ ನಿನ್ ಹತ್ರ ಮಾತಾಡಿ ಮುಗಿಸ್ಕೊಂಡಿದ್ರೆ ಚೆನ್ನಾಗಿತ್ತು ಕಣೇ" ಎಂದಳು. ನಾನು "ಸುಮ್ಮನಿರು, ಗಂಟಲು ನೋಯುತ್ತೆ" ಎಂದೆ. ಒಬ್ಬಳೇ ತಂಗಿ ಮಾತಾಡುತ್ತೇನೆಂದು ಬಂದಾಗ ಸುಮ್ಮನಿರು ಎಂದೆ, ಮಾನ್ಯರೇ, ತಮಗಾಗಿ. ಅಂದಿಗೆ ಒಟ್ಟು ಹೋಗಿದ್ದು ಎಂಬತ್ತು. ಇನ್ನೂರಕ್ಕೆ ನೂರ ಇಪ್ಪತ್ತು ಬಾಕಿ, ಕೈಯಲ್ಲಿ ಉಳಿದಿದ್ದು ಎರಡು ಅರ್ಧ ಗಂಟೆ. ಗೋಡೆಯ ಮೇಲೆ ತಮ್ಮ ಗೆರೆಗಳು ನೂರ ಮೂವತ್ತೇಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದು ಎಂದರೇನೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹೊಳೆಗಾದರೂ ಒಂದಿಷ್ಟು ಹುಳಿ ಹತ್ತೀತು.

ಶನಿವಾರ ಬೆಳಿಗ್ಗೆ ತಂಗಿ ಐದನೆಯ ವಾಕ್ಯಕ್ಕೇ ಸಿಕ್ಕಿಬಿದ್ದು ನೂರ ಮೂವತ್ತೆಂಟನೆಯ ಗೆರೆ ಎಳೆದಾಗ, ನನಗೆ ಪುಸ್ತಕದ ವಿದ್ಯೆಯೆಲ್ಲ ಸಾಕೆನಿಸಿ, ಹಳೆಯ ಎಕ್ಸ್‌ಚೇಂಜಿನ ಕೈ ತಾನಾಗಿಯೇ ಮುಂದಾಯಿತು. ಅಲ್ಲಿ ನಮಗೊಂದು ಪದ್ಧತಿಯಿತ್ತು: ಒಂದು ಲೈನು ವಿಚಿತ್ರವಾಗಿ ಆಡುತ್ತಿದ್ದರೆ, ಆ ಮನೆಯ ತಂತಿಯನ್ನು ಪೂರಾ ಕಿತ್ತುಹಾಕಿ, ಆಮೇಲೆ ಅದೇ ನಂಬರಿಗೆ ರಿಂಗ್ ಕೊಡುವುದು. ಯಾರೂ ಎತ್ತಬಾರದು. ಎತ್ತಿದರೆ ಆ ನಂಬರಿನಲ್ಲಿ ಇನ್ನಾರೋ ಕುಳಿತಿದ್ದಾರೆ ಎಂದರ್ಥ. ತಮ್ಮ ಬೆನ್ನಿನಿಂದ ಕೇಬಲ್ಲನ್ನು ಸರಕ್ಕನೆ ಕಿತ್ತೆ. ತಮ್ಮ ಹಸಿರು ದೀಪ ಆರಿತು, ನಿಜ ಹೇಳುತ್ತೇನೆ, ಬಹಳ ಹಿತವಾಯಿತು. ನಡುಮನೆಗೆ ಬಂದು ತಂಗಿಯ ಮೊಬೈಲಿನಿಂದ ಐವತ್ನಾಲ್ಕನೆಯ ವಿಳಾಸಕ್ಕೆ ಪಿಂಗ್ ಮಾಡಿದೆ. "ಇದ್ದೀಯಾ?" "ಇದ್ದೀನಿ" ಎಂದು ಬಂತು ಉತ್ತರ. ತಂತಿ ನನ್ನ ಎಡಗೈಯಲ್ಲಿ ನೇತಾಡುತ್ತಿದೆ, ಕಂಪ್ಯೂಟರು ಕಿವುಡಾಗಿ ಕುಳಿತಿದೆ, ನನ್ನ ವಿಳಾಸದಲ್ಲಿ ಯಾರೋ ಆರಾಮವಾಗಿ ಓಗೊಡುತ್ತಿದ್ದಾರೆ!

ಮೊಬೈಲನ್ನು ದೀಪದ ಹಾಗೆ ಮುಂದೆ ಹಿಡಿದು ಮನೆಯೆಲ್ಲ ತಿರುಗಿದೆ. ಟಿವಿ ಆರಿಸಿದೆ, ಉತ್ತರ ಬರುತ್ತಲೇ ಇತ್ತು. ಪ್ರಿಂಟರ್ ಆರಿಸಿದೆ, ಬರುತ್ತಲೇ ಇತ್ತು. ಮಹಡಿ ಹತ್ತಿದೆ. ನಮ್ಮವರು ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರೋ ಬೆಟ್ಟದ ಚಿತ್ರ ಬಿಡಿಸುವ ವಿಡಿಯೋ ನೋಡುತ್ತಾ, ನಮಗೆಲ್ಲ ತೊಂದರೆಯಾಗಬಾರದೆಂದು ಕೆಮ್ಮನ್ನು ಟವಲಿನೊಳಗೆ ಕೆಮ್ಮುತ್ತಾ ಕುಳಿತಿದ್ದರು. ಟ್ಯಾಬ್ಲೆಟ್ಟನ್ನು ಅವರ ಕೈಯಿಂದ ಕಿತ್ತು ಆರಿಸಿದೆ. ಮೊಬೈಲಿನಲ್ಲಿ ಉತ್ತರ ನಿಂತಿತು. ಅವರ ಹಳೆಯ ಟ್ಯಾಬ್ಲೆಟ್ಟಿನ ಗಾಜು ಒಡೆದು, ಹಿಂದಿನ ವಾರವಷ್ಟೇ ಇದು ಬಂದಿತ್ತು. ನನಗೆ ಆಸ್ಪತ್ರೆಯ ಓಡಾಟವಿದ್ದುದರಿಂದ ಅವರೇ ಬೀರುವಿನ ಬಾಗಿಲು ತೆರೆದು, ಪಟ್ಟಿ ನೋಡಿಕೊಂಡು, ವಿಳಾಸ ಹಾಕಿಕೊಂಡಿದ್ದರು. ಅದನ್ನು ಅವರು ಹೊತ್ತಿಸುತ್ತಿದ್ದುದೂ ತಂಗಿ ಓದುವ ಆ ಅರ್ಧ ಗಂಟೆ ಮಾತ್ರ.

"ನಿಮ್ಮದು ಐವತ್ತೆರಡಲ್ಲವೇನ್ರೀ? ಐವತ್ನಾಲ್ಕು ಯಾಕೆ ಹಾಕಿದ್ರಿ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ನೀನೇ ಕೆಂಪಲ್ಲಿ ಬರೆದಿದ್ದೀಯಲ್ಲ, ಯಂತ್ರಕ್ಕೆ ಸುಳ್ಳು ಹೇಳಬಾರದು ಅಂತ" ಎಂದರು. ಮಾನ್ಯರೇ, ನಲವತ್ತಾರು ವರ್ಷದ ಹಿಂದೆ, ಗಂಡು ಹೆಣ್ಣಿಗಿಂತ ದೊಡ್ಡವನಿರಬೇಕು ಎಂದು ಅವರಮ್ಮ ಮದುವೆ ಮಾತುಕತೆಯಲ್ಲಿ ಮಗನಿಗೆ ಎರಡು ವರ್ಷ ಸೇರಿಸಿದ್ದರಂತೆ. ಅವರು ಹುಟ್ಟಿದ್ದೂ ಐವತ್ನಾಲ್ಕರಲ್ಲೇ. ನನಗಿಂತ ನಾಲ್ಕು ತಿಂಗಳು ಚಿಕ್ಕವರು. ಕಾಗದಪತ್ರಗಳಿಗೆ, ನೆರೆಹೊರೆಗೆ, ತಾಳಿ ಕಟ್ಟಿಸಿಕೊಂಡ ನನಗೆ ನಲವತ್ತಾರು ವರ್ಷ ಕಣ್ಣು ಮಿಟುಕಿಸದೆ ಹೇಳಿದ ಸುಳ್ಳನ್ನು ಒಂದು ಟ್ಯಾಬ್ಲೆಟ್ಟಿಗೆ ಹೇಳಲು ಅವರ ಮನಸ್ಸು ಒಪ್ಪಲಿಲ್ಲ. "ದೊಡ್ಡವರು ಹೇಳ್ತಿದ್ದಾರೆ, ಹೋಗಲಿ ಬಿಡು" ಎಂದು ಎಷ್ಟು ಜಗಳದಲ್ಲಿ ನಾನು ಸೋತುಕೊಟ್ಟಿದ್ದೇನೆಂಬುದು ಆ ಮಹಡಿ ಮೆಟ್ಟಿಲ ಮೇಲೆ ಒಂದೊಂದಾಗಿ ನೆನಪಿಗೆ ಬರತೊಡಗಿತು. ಕೆಳಗೆ ಬಂದು ತಂಗಿಗೆ ಹೇಳಿದೆ. ಅವಳು ಸಾಮಾನು ಕೋಣೆಯಲ್ಲಿ ಹಾಸಿಗೆಗೆ ಮುಖ ಒತ್ತಿಕೊಂಡು ನಕ್ಕಳು. "ನಗಬೇಡ ಕಣೇ, ಧ್ವನಿ ಹೋಗುತ್ತೆ" ಎಂದರೂ ಬಿಡದೆ "ಭಾವಾ, ಇನ್ಮೇಲೆ ಅಕ್ಕನ್ನ ನೀವೇ ಅಕ್ಕಾ ಅನ್ನಿ" ಎಂದು ಎರಡು ವಾಕ್ಯದಷ್ಟು ದನಿ ಕಳೆದಳು. ಅದಕ್ಕೆ ಗೋಡೆಯ ಮೇಲೆ ನಾನು ಗೆರೆ ಎಳೆಯಲಿಲ್ಲ.

ಹಾಗಾದರೆ ತಪ್ಪು ತಮ್ಮದಲ್ಲ, ಈ ಪತ್ರವೇಕೆ ಎಂದು ತಾವು ಕೇಳಬಹುದು. ಕೇಳುವ ಅಭ್ಯಾಸ ತಮಗಿದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಪಟ್ಟಿಗೆ ಕ್ರಮ ಮಾಡಿದವಳು ನಾನು, ಸುಳ್ಳು ಹೇಳಿದವರು ನಮ್ಮತ್ತೆ, ನಿಜ ಹೇಳಿದವರು ನಮ್ಮವರು. ಮೂವರ ಪಾಲೂ ಇದೆ, ಒಪ್ಪಿಕೊಂಡೆ. ಆದರೆ ತಮ್ಮ ಹೆಸರು ಕರೆದಾಗ ಇನ್ನೊಬ್ಬರು ಓಗೊಡುತ್ತಿದ್ದುದು ತಮಗೆ ಮೂರು ದಿನವೂ ಕೇಳಿಸುತ್ತಿತ್ತು. ತಮಗೆ ಬರಬೇಕಾದ್ದು ಮಹಡಿಗೆ ಹೋಗುತ್ತಿದ್ದುದೂ ಕಾಣಿಸುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೂ ಇಂಥದ್ದನ್ನು ಕಂಡರೆ ಎದ್ದು ನಿಂತು "ಮೇಡಂ, ಈ ನಂಬರಲ್ಲಿ ಇಬ್ಬರಿದಾರೆ" ಎಂದು ಕೂಗುತ್ತಿದ್ದಳು. ತಾವು ಕೂಗಲಿಲ್ಲ. ಕೇಳಿದಾಗಲೆಲ್ಲ ಎದ್ದಿದ್ದೇನೆ ಎಂದಿರಿ. ಎದ್ದಿರುವುದು ಕೆಲಸವಲ್ಲ, ಮಾನ್ಯರೇ. ನಮ್ಮ ಬೀದಿಯ ದೀಪದ ಕಂಬವೂ ಎದ್ದಿದೆ.

ಕೇಬಲ್ಲನ್ನು ಮತ್ತೆ ತಮ್ಮ ಬೆನ್ನಿಗೆ ಸಿಕ್ಕಿಸಿ, ನಮ್ಮವರ ಟ್ಯಾಬ್ಲೆಟ್ಟಿಗೆ ಬೇರೆ ಅಂಕಿ ಹಾಕಿ, ಅಂದೂ ಮರುದಿನವೂ ಓದಿಸಿದೆ. ಒಂದು ವಾಕ್ಯವೂ ಸಿಕ್ಕಿಕೊಳ್ಳಲಿಲ್ಲ. ಆದರೆ ತಂಗಿಗೆ ನನ್ನ ವಿವರಣೆಯ ಮೇಲೆ ನಂಬಿಕೆ ಬರಲಿಲ್ಲ. ಶುಕ್ರವಾರ ಕೂಗಿದ್ದಕ್ಕೇ ತಾವು ಬಗ್ಗಿದಿರಿ ಎಂಬುದು ಅವಳ ಸಿದ್ಧಾಂತ. "ಸ್ವಲ್ಪ ಮೆತ್ತಗೆ ಓದೇ" ಎಂದರೆ "ಮೆತ್ತಗೆ ಹೇಳಿದಾಗೆಲ್ಲ ನುಂಗಿತು, ಗದರಿಸಿದ್ರೆ ತಗೊಳುತ್ತೆ. ಇಂಥವರನ್ನ ನಾನು ಬಸ್ಸಲ್ಲಿ ಎಷ್ಟು ನೋಡಿಲ್ಲ" ಎಂದು, ತೆಂಗಿನಕಾಯಿ, ನಾದಿನಿ, ಹವಾಮಾನ, ಹಬ್ಬದ ಶುಭಾಶಯ, ಎಲ್ಲವನ್ನೂ ಹಳೆಯ ಟಿಕೇಟು ತೋರಿಸಿದವನಿಗೆ ಹೇಳುವ ಹಾಗೆಯೇ ಓದಿದಳು. ಭಾನುವಾರ ಕೊನೆಕೊನೆಗೆ ಗದರಿಕೆಯಲ್ಲಿ ಗಾಳಿಯೇ ಹೆಚ್ಚಾಯಿತು. ಇನ್ನೂರ ಆರನೆಯದಕ್ಕೆ ಪಚ್ಚೆ ಗುರುತು ಬಿತ್ತು, ಇನ್ನೂರ ಏಳನೆಯದನ್ನು 'ಧ್ವನಿ ಕೇಳಿಸುತ್ತಿಲ್ಲ' ಎಂದು ವೆಬ್‌ಸೈಟೇ ಬೇಡವೆಂದಿತು. ಅದೊಂದು ತಮ್ಮ ತಪ್ಪಲ್ಲ, ಬರೆದುಕೊಳ್ಳಿ. ಸೋಮವಾರ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂತು, ಮೈಗೆಲ್ಲೂ ಹರಡಿಲ್ಲ ಎಂದರು ಡಾಕ್ಟರು. ನೆಂಟರೆಲ್ಲ ಇದನ್ನು ಎರಡು ಸಲ ಓದಿಕೊಳ್ಳಿ.

ಮೂರು ವಾರಕ್ಕೆ ಯಂತ್ರದ ಧ್ವನಿ ತಯಾರಾಗಿ ಬಂತು. ಅವಳು ಆಸ್ಪತ್ರೆಗೆ ಡ್ರೆಸ್ಸಿಂಗಿಗೆ ಹೋದಾಗ, ಬಹಳ ಅಕ್ಕರೆಯಿಂದ ನೋಡಿಕೊಂಡ ನರ್ಸಮ್ಮನಿಗೆ ಹೇಳಲೆಂದು ಮೊದಲ ಮಾತು ಟೈಪ್ ಮಾಡಿದಳು: "ಸಿಸ್ಟರ್, ನಿಮ್ಮಿಂದ ತುಂಬಾ ಉಪಕಾರವಾಯಿತು." ಒತ್ತಿದಳು. ವಾರ್ಡಿನ ಆ ತುದಿಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಇಬ್ಬರು ಒಳಗೆ ನಡೆದರು. ನರ್ಸಮ್ಮ ಕೈಲಿದ್ದ ಟ್ರೇ ಕೆಳಗಿಟ್ಟು "ಸಾರಿ ಅಮ್ಮಾ, ಏನು ತಪ್ಪಾಯ್ತು?" ಎಂದಳು. ಹೌದು, ಅವಳದೇ ಧ್ವನಿ. ತುದಿಯಲ್ಲಿ ಮೇಲಕ್ಕೇಳುವ ಆ ಎಳೆತ, ಸಕಾರದಲ್ಲಿ ಸಿಳ್ಳೆಯಂಥ ಆ ಸೀಳು, ಎಲ್ಲವೂ ಅವಳವೇ. ಆದರೆ ತಾವು ದಾಟಿಸಿದ್ದು ಹೆಚ್ಚುಕಡಿಮೆ ಎಲ್ಲ ಸಿಟ್ಟಿನ ಸರದಿಯವೇ ಆದ್ದರಿಂದ ಆ ಯಂತ್ರಕ್ಕೆ ಬೇರೆ ರಾಗ ಗೊತ್ತಿಲ್ಲ. ಈಗ ಅವಳು ನೀರು ಕೇಳಿ ಗದರಿಸುತ್ತಾಳೆ, ಶುಭರಾತ್ರಿ ಹೇಳಿ ಗದರಿಸುತ್ತಾಳೆ, ಮೊಮ್ಮಗಳಿಗೆ ಮುದ್ದು ಬಂಗಾರ ಎಂದು ಗದರಿಸುತ್ತಾಳೆ. ನಮ್ಮವರು ಒಂದು ದಿನ ಕೇಳಿಸಿಕೊಂಡು "ಇದೇನು ವ್ಯತ್ಯಾಸ ಕಾಣಿಸಲ್ಲವಲ್ಲ" ಎಂದರು. ಅವಳು ಅದಕ್ಕೊಂದು ಉತ್ತರ ಟೈಪ್ ಮಾಡಿದಳು, ನಾನು ಇಲ್ಲಿ ಬರೆಯುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಒಂದೇ. ಆ ನೂರ ಮೂವತ್ತೆಂಟು ವಾಕ್ಯಗಳನ್ನು ದಯಮಾಡಿ ಹಿಂದಿರುಗಿಸಿ. ಅವುಗಳಲ್ಲಿ ಎಷ್ಟೋ ಮೊದಲ ಸಲದವು, ಅವಳಿಗಿನ್ನೂ ಸಿಟ್ಟು ಬರುವ ಮುಂಚಿನವು. ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಪರೀಕ್ಷೆಗೆ ಕುಳಿತ ಹುಡುಗಿಯಂತೆ ಜೋಪಾನವಾಗಿ, ಮೆತ್ತಗೆ ಓದಿದವು. ಬಸ್ಸಿನವರು ಯಾರೂ ಕೇಳದ, ಚಿಕ್ಕಂದಿನಲ್ಲಿ ದೀಪ ಆರಿದ ಮೇಲೆ ಒಂದೇ ಹೊದಿಕೆಯೊಳಗೆ ನನಗೆ ಮಾತ್ರ ಕೇಳಿಸುತ್ತಿದ್ದ ದನಿ ಅದು. ಜಗತ್ತಿನಲ್ಲಿ ಆ ದನಿ ಕೊನೆಯ ಸಲ ಹೊರಟದ್ದು ತಮ್ಮ ಬಾಗಿಲಿಗೆ. ಎಲ್ಲಿಟ್ಟಿದ್ದೀರಿ ನೋಡಿ. ಧೂಳಿನಲ್ಲಿರಲಿ, ತಂತಿಯ ಸಂದಿಯಲ್ಲಿರಲಿ, ಒಂದೇ ಒಂದಾದರೂ ಸಿಕ್ಕರೆ ಸಾಕು, ಅಳಿಯನದೇ ಆಗಬೇಕೆಂದಿಲ್ಲ. ಸಿಗದಿದ್ದರೆ 'ಇಲ್ಲ' ಎಂದಾದರೂ ಹೇಳಿ. ಎದ್ದಿದ್ದೇನೆ ಎಂದು ಮಾತ್ರ ಹೇಳಬೇಡಿ.

ಕಿತ್ತ ಕೇಬಲ್ಲನ್ನು ಮತ್ತೆ ತಾನೇ ಸಿಕ್ಕಿಸಿದ ತಪ್ಪಿಗೆ, ಇಂದಿಗೂ
ತಮ್ಮ ವಿಶ್ವಾಸಿ,
ಈ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವಳು (ನಾಲ್ಕು ತಿಂಗಳಷ್ಟು)

ಮರೆತ ಮಾತು: ಪತ್ರ ಮುಗಿದ ಮೇಲೆ ತಂಗಿ ಇದನ್ನೆಲ್ಲ ಟೈಪ್ ಮಾಡಿ ತನ್ನ ಹೊಸ ಧ್ವನಿಯಲ್ಲಿ ಒಮ್ಮೆ ತಮ್ಮೆದುರೇ ಓದಿಸಿದಳು. ನಾನು ಸಿಟ್ಟಿನಿಂದ ಬರೆದ ಸಾಲುಗಳು ಸಾಧಾರಣವಾಗಿಯೇ ಕೇಳಿಸಿದವು. 'ಮಾನ್ಯರೇ' ಎಂದು ಬಂದಾಗಲೆಲ್ಲ ಮಾತ್ರ, ನಮ್ಮವರು ಸುಳ್ಳೆನ್ನುತ್ತಾರೆ, ತಮ್ಮ ದೀಪ ಒಂದು ಕ್ಷಣ ಆರಿ ಹತ್ತಿತು.